ಹದಿನೆಂಟು ಜೆರ್ಸಿ, ಹದಿಮೂರರ ಬೆನ್ನು

ರಾಷ್ಟ್ರೀಯ ಹಾಕಿ ಟೂರ್ನಿಗೆ ಹೊರಡುವ ರಾಜ್ಯ ತಂಡದಲ್ಲಿರುವುದು 18 ಜೆರ್ಸಿ. ಅದರಲ್ಲಿ ಎರಡು ಗೋಲ್‌ಕೀಪರ್‌ಗಳ ಪಾಲು. ಉಳಿದ 16ಕ್ಕೆ ಕೊಡಗಿನವರು, ಹಾಸನದವರು, ಗದಗದವರು, ಸರ್ಕಾರಿ ಕ್ರೀಡಾ ಹಾಸ್ಟೆಲ್‌ಗಳ ಮಕ್ಕಳು, ಬೆಂಗಳೂರಿನ ಶಾಲೆ ಮತ್ತು ಕ್ಲಬ್‌ಗಳ ಮಕ್ಕಳು ಎಲ್ಲರೂ ಸಾಲು ನಿಲ್ಲಬೇಕು. ಆ ಜೆರ್ಸಿ ಸಿಕ್ಕರೆ ಜೊತೆಗೊಂದು ಪ್ರಮಾಣಪತ್ರ ಸಿಗುತ್ತದೆ. ಸಿಇಟಿಯ ಕ್ರೀಡಾ ಕೋಟಾ, ಡಿಗ್ರಿ ಕಾಲೇಜಿನ ಶುಲ್ಕ ವಿನಾಯಿತಿ, ವಿಶ್ವವಿದ್ಯಾಲಯದ ತಂಡ, ಮುಂದೆ ರೈಲ್ವೆಯೋ ಸೇನೆಯೋ ಬ್ಯಾಂಕೋ ಕೊಡುವ ಕೆಲಸ, ಎಲ್ಲಕ್ಕೂ ಆ ಕಾಗದವೇ ದಾರಿ. ಈ ಲೆಕ್ಕ ತಂದೆತಾಯಿಗೆ ಗೊತ್ತಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿರುವುದರಿಂದಲೇ ಮಗುವನ್ನು ಹತ್ತು ಹನ್ನೊಂದಕ್ಕೇ ಅಕಾಡೆಮಿಗೆ ಸೇರಿಸಿ, ಉಳಿದ ಆಟಗಳನ್ನೆಲ್ಲ ಬಿಡಿಸಿ, ವರ್ಷದ ಹನ್ನೆರಡು ತಿಂಗಳೂ ಸ್ಟಿಕ್ ಹಿಡಿಸುತ್ತಾರೆ.

ನನ್ನ ಆತಂಕ ಇರುವುದು ಇಲ್ಲೇ. ಕಾಲೇಜು ಸೀಟಿನ ಸ್ಪರ್ಧೆ ಹದಿನೆಂಟನೇ ವಯಸ್ಸಿನದು. ಅದರ ತಯಾರಿಯ ಭಾರ ಈಗ ಹದಿಮೂರಕ್ಕೆ ಇಳಿದಿದೆ. ಬೆಳೆಯುವ ಮೂಳೆ ಅತ್ಯಂತ ದುರ್ಬಲವಾಗಿರುವ ವಯಸ್ಸು ಅದು. ಇದರ ಪರಿಣಾಮ ನಾಳೆ ಬೆಳಿಗ್ಗೆ ಕಾಣುವುದಿಲ್ಲ, ಐದಾರು ವರ್ಷ ಬೇಕು.

ಹೆಸರಘಟ್ಟದ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಹೆಸರಘಟ್ಟ ಮುಖ್ಯರಸ್ತೆ ಹಿಡಿದರೆ ಬಾಗಲಗುಂಟೆ, ಚಿಕ್ಕಬಾಣಾವರ, ಆಮೇಲೆ ಸೋಲದೇವನಹಳ್ಳಿ ಸುತ್ತಲಿನ ಕಾಲೇಜುಗಳ ಬೋರ್ಡುಗಳು. ಇನ್ನೂ ಮುಂದೆ ಕೆರೆ, ಹುಲ್ಲುಗಾವಲು, ತೋಟಗಾರಿಕಾ ಸಂಶೋಧನಾ ಸಂಸ್ಥೆ, ನೃತ್ಯಗ್ರಾಮ. ಓಡಿ ಆಡಲು ಬಯಲಿಗೇನೂ ಬರವಿಲ್ಲ. ಆದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಹುಲ್ಲು ಬಿಟ್ಟು ಕೃತಕ ಟರ್ಫ್ ಹತ್ತಿತು (ಆ ಸಲ ನಾವು ಏಳನೆಯವರಾದೆವು), ಅಲ್ಲಿಂದೀಚೆಗೆ ಬಯಲಿನಲ್ಲಿ ಕಲಿತ ಆಟಕ್ಕೆ ಟ್ರಯಲ್ಸ್‌ನಲ್ಲಿ ಬೆಲೆ ಇಲ್ಲ. ಟರ್ಫ್ ಬೇಕೆಂದರೆ ಶಾಂತಿನಗರದ ಅಕ್ಕಿತಿಮ್ಮನಹಳ್ಳಿ, ಇಲ್ಲವೇ ಜ್ಞಾನಭಾರತಿಯ ಸಾಯ್ ಕೇಂದ್ರ. ಹೆಸರಘಟ್ಟದಿಂದ ಶಾಂತಿನಗರಕ್ಕೆ ಸುಮಾರು 30 ಕಿಲೋಮೀಟರ್.

ಬೆಳಿಗ್ಗೆ ಆರಕ್ಕೆ ಟರ್ಫ್ ಮೇಲಿರಬೇಕಾದ ಹುಡುಗಿ ನಾಲ್ಕು ಗಂಟೆಗೆ ಏಳಬೇಕು. ಅಮ್ಮ ಮೂರೂವರೆಗೇ ಎದ್ದು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿರುತ್ತಾಳೆ. ಅಪ್ಪನ ಸ್ಕೂಟರ್‌ನಲ್ಲಿ ಮೆಟ್ರೊ ತನಕ ಅಥವಾ ಮೊದಲ ಬಸ್ಸು, ಬೆನ್ನಿಗೆ ಸ್ಟಿಕ್ ಚೀಲ, ಎದೆಗೆ ಶಾಲೆಯ ಚೀಲ. ಎಂಟಕ್ಕೆ ಅಭ್ಯಾಸ ಮುಗಿದು ಅಲ್ಲಿಂದ ನೇರ ಶಾಲೆ. ಸಂಜೆ ಟ್ಯೂಷನ್, ಮನೆಗೆ ಬಂದು ಉಂಡು ಹೋಮ್‌ವರ್ಕ್ ಮುಗಿಸುವಾಗ ರಾತ್ರಿ ಹತ್ತು. ನಿದ್ದೆಗೆ ಉಳಿದದ್ದು ಆರು ಗಂಟೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ಅದನ್ನು ಯಾರಾದರೂ ಹೇಳಿಯಾರು. ಆದರೆ ಅಮೆರಿಕದಲ್ಲಿ 7ರಿಂದ 12ನೇ ತರಗತಿಯ 112 ಕ್ರೀಡಾಪಟುಗಳನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಒಂದು ಮಾತು ಹೇಳಿತು: ಎಂಟು ಗಂಟೆಗಿಂತ ಕಡಿಮೆ ಮಲಗುವವರು ಗಾಯಗೊಳ್ಳುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು. ಅಂದರೆ ಹೆಸರಘಟ್ಟದ ಮಗು ಟರ್ಫ್ ಮುಟ್ಟುವ ಮೊದಲೇ ಅರ್ಧ ಸೋತಿರುತ್ತದೆ. ಕೋರಮಂಗಲದ ಮಗುವಿಗೆ ಈ ಶಿಕ್ಷೆ ಇಲ್ಲ.

ಇನ್ನು ತರಬೇತಿಯ ಗಂಟೆಗಳು. ಮಕ್ಕಳ ಕ್ರೀಡಾ ಗಾಯಗಳ ಬಗ್ಗೆ ಹೆಚ್ಚು ಉಲ್ಲೇಖವಾಗುವ ಅಧ್ಯಯನಗಳಲ್ಲೊಂದು ನೀರು ಜಯಂತಿ ಮತ್ತು ಸಂಗಡಿಗರದು. 7ರಿಂದ 18 ವರ್ಷದ ಸುಮಾರು 1,200 ಮಕ್ಕಳನ್ನು ಒಳಗೊಂಡ ಇದು ಪ್ರಕಟವಾದದ್ದು 2015ರಲ್ಲಿ. ವಾರಕ್ಕೆ ತನ್ನ ವಯಸ್ಸಿಗಿಂತ ಹೆಚ್ಚು ಗಂಟೆ ತರಬೇತಿ ಪಡೆಯುವ ಮಗುವಿಗೆ ಗಂಭೀರವಾದ ಅತಿಬಳಕೆಯ ಗಾಯ ಆಗುವ ಸಾಧ್ಯತೆ ಜಾಸ್ತಿ ಎಂದು ಅದು ತೋರಿಸಿತು. ಕೋಚ್ ನಿಂತು ಆಡಿಸುವ ಹೊತ್ತು, ಮಕ್ಕಳು ತಾವಾಗಿ ಆಡಿಕೊಳ್ಳುವ ಹೊತ್ತಿನ ಎರಡು ಪಟ್ಟು ಮೀರಿದಾಗಲೂ ಹಾಗೆಯೇ. ಒಂದೇ ಆಟಕ್ಕೆ ಕಟ್ಟುಬಿದ್ದವರಲ್ಲಿ ಅಪಾಯ ಮತ್ತೂ ಹೆಚ್ಚು. ನಮ್ಮ ಹುಡುಗಿಗೆ ಹದಿಮೂರು. ವಾರದಲ್ಲಿ ಆರು ಬೆಳಿಗ್ಗೆ ಎರಡೆರಡು ಗಂಟೆ ಎಂದರೆ 12. ವಾರಕ್ಕೆ ಮೂರು ಸಂಜೆ ಫಿಟ್‌ನೆಸ್ ಎಂದು ಒಂದೂವರೆ ಗಂಟೆ ಸೇರಿಸಿದರೆ ಹದಿನಾರೂವರೆ. ಭಾನುವಾರದ ಲೀಗ್ ಪಂದ್ಯ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ತಾನಾಗಿ ಆಡುವ ಹೊತ್ತು ಸೊನ್ನೆ.

ಇದು ಅಮೆರಿಕದ ಆಸ್ಪತ್ರೆಗಳಿಗೆ ಬಂದ ಮಕ್ಕಳ ಅಂಕಿಅಂಶ, ನಮ್ಮ ಮಕ್ಕಳದಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೆ ಮೂಳೆ ಬೆಳೆಯುವ ರೀತಿ ಬಾಸ್ಟನ್ನಿಗೂ ಬಾಗಲಗುಂಟೆಗೂ ಬೇರೆಯಲ್ಲ.

ಹುಡುಗಿಯರು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ದಿಢೀರನೆ ಉದ್ದವಾಗುತ್ತಾರೆ. ಮೂಳೆ ಮೊದಲು ಉದ್ದಕ್ಕೆ ಬೆಳೆಯುತ್ತದೆ, ಅದರೊಳಗೆ ಖನಿಜ ತುಂಬಿ ಗಟ್ಟಿಯಾಗುವುದು ಆಮೇಲೆ. ಈ ಎರಡರ ನಡುವೆ ಹಲವು ತಿಂಗಳ ಅಂತರ. ಆ ತಿಂಗಳುಗಳಲ್ಲಿ ಮಗು ನೋಡಲು ದೊಡ್ಡದು, ಒಳಗೆ ಮೂಳೆ ಎಳಸು. ಸ್ನಾಯುಗಳೂ ಆ ಉದ್ದಕ್ಕೆ ಇನ್ನೂ ಹೊಂದಿಕೊಂಡಿರುವುದಿಲ್ಲ, ಎಳೆದು ಕಟ್ಟಿದಂತಿರುತ್ತವೆ. ಮಂಡಿಯ ಕೆಳಗೆ ಗುಬುಟು ಎದ್ದು ನೋಯುವುದು, ಹಿಮ್ಮಡಿ ನೋವು, ಇವೆಲ್ಲ ಈ ಹಂತದವೇ. ಅವು ಸಾಮಾನ್ಯವಾಗಿ ವಿಶ್ರಾಂತಿಯಿಂದ ಹೋಗುತ್ತವೆ. ಬೆನ್ನಿನ ಕತೆ ಹಾಗಲ್ಲ.

ಹಾಕಿ ನೆಟ್ಟಗೆ ನಿಂತು ಆಡುವ ಆಟವಲ್ಲ. ನಿಯಮದ ಪ್ರಕಾರ ಸ್ಟಿಕ್ 105 ಸೆಂಟಿಮೀಟರ್ ಮೀರುವಂತಿಲ್ಲ, ಚೆಂಡು ನೆಲದ ಮೇಲಿರುತ್ತದೆ, ಆದ್ದರಿಂದ ಬಾಗಲೇಬೇಕು. ಸ್ಟಿಕ್ಕಿನ ದುಂಡು ಬದಿಯಿಂದ ಚೆಂಡನ್ನು ಆಡುವಂತಿಲ್ಲ, ಎಡಗೈ ಆಟಗಾರನಿಗೆ ಬೇರೆ ಸ್ಟಿಕ್ ಇಲ್ಲ. ಹಾಗಾಗಿ ಎಲ್ಲರೂ ಒಂದೇ ಕಡೆಗೆ ತಿರುಚಿ ಆಡುತ್ತಾರೆ. ಬಾಗಿದ ಬೆನ್ನು, ಅದರ ಮೇಲೆ ತಿರುವು, ಹೊಡೆದ ಮೇಲೆ ತಟ್ಟನೆ ಹಿಂದಕ್ಕೆ ಸೆಟೆಯುವುದು. ಈ ಮೂರೂ ಸೇರಿ ಬೆನ್ನುಮೂಳೆಯ ಕೆಳಗಿನ ಕಶೇರುಗಳಲ್ಲಿ, ಹೆಚ್ಚಾಗಿ ಸೊಂಟದ ಐದನೆಯದರಲ್ಲಿ, ಹಿಂಬದಿಯ ಒಂದು ಸಣ್ಣ ಸೇತುವೆಯಂಥ ಮೂಳೆಯ ಮೇಲೆ ಒತ್ತಡ ಹಾಕುತ್ತವೆ. ಒಂದೇ ಪೆಟ್ಟಿಗೆ ಅದು ಮುರಿಯುವುದಿಲ್ಲ. ತಂತಿಯನ್ನು ಅದೇ ಜಾಗದಲ್ಲಿ ಬಗ್ಗಿಸುತ್ತ ಹೋದರೆ ಬಿರುಕು ಬಿಡುತ್ತದಲ್ಲ, ಹಾಗೆ ಸಾವಿರಾರು ಪುನರಾವರ್ತನೆಯಿಂದ ಸೀಳುತ್ತದೆ. ಇದೇ ಸ್ಟ್ರೆಸ್ ಫ್ರ್ಯಾಕ್ಚರ್. ಕ್ರಿಕೆಟ್ಟಿನ ವೇಗದ ಬೌಲರ್‌ಗಳ ವಿಷಯದಲ್ಲಿ ಇದು ಮನೆಮಾತು. ಹಾಕಿಯ ಮಕ್ಕಳ ವಿಷಯದಲ್ಲಿ ಮಾತ್ರ ಇನ್ನೂ ‘ಎಣ್ಣೆ ಹಚ್ಚಿ ಬಿಸಿನೀರು ಹಾಕು’ ಎನ್ನುವ ಹಂತದಲ್ಲಿದ್ದೇವೆ.

ಬಾಸ್ಟನ್ನಿನ ವೈದ್ಯರಿಬ್ಬರು 1995ರಲ್ಲಿ ಒಂದು ಸರಳ ಹೋಲಿಕೆ ಮಾಡಿದರು. ಸೊಂಟನೋವೆಂದು ಬಂದ 100 ಹದಿಹರೆಯದ ಕ್ರೀಡಾಪಟುಗಳನ್ನೂ ಅದೇ ನೋವಿನ 100 ವಯಸ್ಕರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ವಯಸ್ಕರಲ್ಲಿ ಈ ಮೂಳೆಯ ಬಿರುಕು ಕಂಡದ್ದು ಶೇ 5 ಮಂದಿಗೆ. ಮಕ್ಕಳಲ್ಲಿ ಶೇ 47. ಕ್ರೀಡಾ ಚಿಕಿತ್ಸಾಲಯದವರೆಗೆ ಬಂದ ಮಕ್ಕಳ ಲೆಕ್ಕವಾದ್ದರಿಂದ ಇದನ್ನು ಬೆನ್ನು ನೋಯುವ ಪ್ರತಿ ಮಗುವಿಗೂ ಅನ್ವಯಿಸಬಾರದು. ಆದರೆ ವ್ಯತ್ಯಾಸ ಎಷ್ಟು ದೊಡ್ಡದೆಂದರೆ, ದೊಡ್ಡವರ ಸೊಂಟನೋವಿನ ಅನುಭವದಿಂದ ಮಗುವಿನ ನೋವನ್ನು ಅಳೆಯುವುದೇ ತಪ್ಪು ಎನ್ನಲು ಅಷ್ಟು ಸಾಕು. ಅಪ್ಪನ ಸೊಂಟ ಹಿಡಿದುಕೊಂಡರೆ ಎರಡು ದಿನಕ್ಕೆ ಬಿಡುತ್ತದೆ. ಮಗಳದು ಬಿಡದಿದ್ದರೆ ಅವಳು ಸೋಮಾರಿ ಎಂದಲ್ಲ.

ಮೊದಮೊದಲು ಎಕ್ಸ್‌ರೇಯಲ್ಲಿ ಬಿರುಕು ಕಾಣದಿರಬಹುದು. ‘ಏನೂ ಇಲ್ಲ’ ಎಂದು ಚೀಟಿ ಬರೆಸಿಕೊಂಡು ಮಗು ಮರುದಿನ ಮತ್ತೆ ಟರ್ಫ್‌ಗೆ ಇಳಿಯುತ್ತದೆ. ಎಂಆರ್‌ಐಯಲ್ಲಿ ಬೇಗ ಗೊತ್ತಾಗುತ್ತದೆ. ಆಗ ಆಟ ನಿಲ್ಲಿಸಿ ಕೆಲವು ತಿಂಗಳು ಬಿಟ್ಟರೆ ಬಹಳಷ್ಟು ಮಕ್ಕಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಬಿಡದೆ ಆಡಿಸಿದರೆ ಬಿರುಕು ಎರಡೂ ಬದಿಗೆ ಹರಡಿ, ಮೇಲಿನ ಕಶೇರು ಮುಂದಕ್ಕೆ ಜಾರುವ ಸ್ಥಿತಿ ಬರಬಹುದು. ಅದರೊಂದಿಗೆ ಕೆಲವರು ಜೀವಮಾನವಿಡೀ ನಡೆಯಬೇಕು. ಆದರೆ ಆಯ್ಕೆ ಟ್ರಯಲ್ಸ್ ಮುಂದಿನ ತಿಂಗಳಿದ್ದರೆ ಮೂರು ತಿಂಗಳ ವಿಶ್ರಾಂತಿ ಎನ್ನುವ ಮಾತನ್ನು ಯಾವ ಮನೆ ಕೇಳಿಸಿಕೊಳ್ಳುತ್ತದೆ? ನೋವು ಮುಚ್ಚಿಡುವುದನ್ನು ಮಕ್ಕಳು ಕಲಿಯುವುದು ಇಲ್ಲೇ. ನೋವಿನ ಮಾತ್ರೆ ನುಂಗಿ, ಸೊಂಟಕ್ಕೆ ಸ್ಪ್ರೇ ಹೊಡೆದುಕೊಂಡು ಟ್ರಯಲ್ಸ್‌ಗೆ ನಿಲ್ಲುವ ಹದಿನಾಲ್ಕರ ಹುಡುಗನನ್ನು ‘ಗಟ್ಟಿಗ’ ಎಂದು ಬೆನ್ನು ತಟ್ಟುವವರು ನಮ್ಮಲ್ಲಿ ಕಡಿಮೆಯಿಲ್ಲ.

ಈ ಸೀಟಿನ ಓಟದಲ್ಲಿ ಹೊಸದಾಗಿ ಸೇರಿದ ಅಪಾಯ ಡ್ರ್ಯಾಗ್ ಫ್ಲಿಕ್. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆಯಬಲ್ಲವನಿಗೆ ಯಾವ ತಂಡದಲ್ಲೂ ಜಾಗವಿದೆ, ಕೊಡಗಿನ ವಿ.ಆರ್. ರಘುನಾಥ್ ಹೆಸರು ಮಾಡಿದ್ದೇ ಅದರಿಂದ. ಹಾಗಾಗಿ ಅಕಾಡೆಮಿಗಳಲ್ಲಿ ಹನ್ನೆರಡರ ಮಕ್ಕಳೂ ಅಭ್ಯಾಸ ಮುಗಿದ ಮೇಲೆ ಉಳಿದು ಐವತ್ತು, ನೂರು ಫ್ಲಿಕ್ ಹೊಡೆಯುತ್ತಾರೆ. ಆ ಕ್ರಿಯೆಯನ್ನು ನಿಧಾನಗತಿಯಲ್ಲಿ ನೋಡಿ: ಎಡಗಾಲು ಉದ್ದಕ್ಕೆ ಚಾಚಿ, ಎದೆ ಹೆಚ್ಚುಕಡಿಮೆ ತೊಡೆಗೆ ತಾಗುವಷ್ಟು ಇಳಿದು, ಚೆಂಡನ್ನು ಎಳೆದುಕೊಂಡು ಬಂದು, ಸೊಂಟ ತಿರುಚುತ್ತಲೇ ಮೇಲೆದ್ದು ಎಸೆಯುವುದು. ಡ್ರ್ಯಾಗ್ ಫ್ಲಿಕ್ ಮಾಡುವ ಆಟಗಾರರಲ್ಲಿ ಸೊಂಟ ಮತ್ತು ಕೆಳಬೆನ್ನಿನ ಗಾಯಗಳು ಉಳಿದವರಿಗಿಂತ ಹೆಚ್ಚು ಎಂದು 2016ರ ಒಂದು ಅಧ್ಯಯನ ವರದಿ ಮಾಡಿದೆ. ಬೌಲಿಂಗ್‌ಗೆ ವಯಸ್ಸಿನ ಪ್ರಕಾರ ಓವರ್‌ಗಳ ಮಿತಿ ಬಂತು. ಫ್ಲಿಕ್ ಎಣಿಸುವವರು ನಾನು ಕಂಡ ಮೈದಾನಗಳಲ್ಲಿ ಯಾರೂ ಇಲ್ಲ. ಹಾಜರಿ ಪುಸ್ತಕ ಇರುತ್ತದೆ, ಫೀಸ್ ಪುಸ್ತಕ ಇರುತ್ತದೆ, ಗಾಯದ ಪುಸ್ತಕ ಇರುವುದಿಲ್ಲ.

ಹುಡುಗಿಯರಿಗೆ ಇದರ ಮೇಲೆ ಇನ್ನೊಂದು ಹೊರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಅಷ್ಟು ಗಂಟೆ ಓಡುವ ದೇಹಕ್ಕೆ ಬೇಕಾದಷ್ಟು ಅನ್ನ, ಬೇಳೆ, ಮೊಟ್ಟೆ ಸಿಗದಿದ್ದರೆ ದೇಹ ಮೊದಲು ಉಳಿತಾಯ ಮಾಡುವುದು ಮುಟ್ಟಿನ ವಿಷಯದಲ್ಲಿ, ಆಮೇಲೆ ಮೂಳೆಯ ವಿಷಯದಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಶಕ್ತಿಕೊರತೆಗೆ ಹೆಸರಿಟ್ಟು ಎಚ್ಚರಿಸಿತ್ತು. ಮೂರು ತಿಂಗಳು ಮುಟ್ಟು ನಿಂತರೆ ‘ಪ್ರಾಕ್ಟೀಸ್ ಜಾಸ್ತಿ, ಅದಕ್ಕೇ’ ಎಂದು ಅಮ್ಮಂದಿರೇ ಸಮಾಧಾನ ಹೇಳುವುದುಂಟು. ಅದು ಸಮಾಧಾನದ ಸಂಗತಿಯಲ್ಲ, ವೈದ್ಯರ ಬಳಿ ಹೋಗಬೇಕಾದ ಸಂಗತಿ. ಮಂಡಿಯ ಮುಂಭಾಗದ ಅಡ್ಡಹಾಯುವ ಅಸ್ಥಿರಜ್ಜು ಹರಿಯುವುದೂ ಹದಿಹರೆಯದ ಹುಡುಗಿಯರಲ್ಲೇ ಹೆಚ್ಚು. ಟರ್ಫ್ ಒಣಗಿದ್ದರೆ ಅಲ್ಲಿ ಬೂಟು ಹಿಡಿದುಕೊಳ್ಳುತ್ತದೆ, ಬಿದ್ದರೆ ಚರ್ಮ ಸುಲಿಯುತ್ತದೆ. 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ ಊರು ಇದು. 1894ರಲ್ಲಿ ಬೆಂಗಳೂರಿಗೆ ಕೊಳವೆ ನೀರು ಕೊಡಲೆಂದು ಕಟ್ಟಿದ ಹೆಸರಘಟ್ಟದ ಕೆರೆಯೇ ಈಗ ಎಷ್ಟೋ ಬೇಸಿಗೆ ಬತ್ತಿ ಬಯಲಾಗುವಾಗ, ನೀರು ಹಾಯಿಸಿಯೇ ಆಡಬೇಕಾದ ಮೈದಾನಗಳನ್ನು ನೆಚ್ಚಿಕೊಂಡ ಆಟದ ಭವಿಷ್ಯವೂ ಯೋಚಿಸಬೇಕಾದದ್ದೇ. ಅದು ಬೇರೆಯದೇ ಲೇಖನ.

ಇಷ್ಟೆಲ್ಲ ಸಹಿಸಿಕೊಂಡರೂ ಕೊನೆಗೆ ಒಳ್ಳೆಯ ಆಟಗಾರ ತಯಾರಾಗುತ್ತಾನಲ್ಲ ಎಂಬ ವಾದ ಉಳಿಯುತ್ತದೆ. ಪಂಜಾಬಿನ, ಒಡಿಶಾದ ಮಕ್ಕಳು ಹನ್ನೆರಡಕ್ಕೇ ಹಾಸ್ಟೆಲ್ ಸೇರಿ ಒಲಿಂಪಿಕ್ ಪದಕ ತರಲಿಲ್ಲವೇ? ತಂದರು. ಆದರೆ ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡವರು. ಅದೇ ಹಾಸ್ಟೆಲ್ಲಿನಿಂದ ಬೆನ್ನು, ಮಂಡಿ ಕೆಡಿಸಿಕೊಂಡು ಊರಿಗೆ ವಾಪಸಾದವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ.

ಬೇಗ ಶುರುಮಾಡಿದವರೇ ಮೇಲೇರುತ್ತಾರೆ ಎಂಬ ನಂಬಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರು ಜರ್ಮನಿಯ ಆರ್ನೆ ಗ್ಯುಲಿಶ್ ಮತ್ತು ಸಂಗಡಿಗರು. 51 ಅಧ್ಯಯನಗಳ 6,096 ಕ್ರೀಡಾಪಟುಗಳನ್ನು ಒಟ್ಟಾಗಿ ನೋಡಿದರು. ಅವರಲ್ಲಿ 772 ಮಂದಿ ಜಗತ್ತಿನ ಅಗ್ರಶ್ರೇಣಿಯವರು. ಫಲಿತಾಂಶ ಎರಡು ಬಗೆಯದು. ಮಕ್ಕಳ ಮಟ್ಟದಲ್ಲಿ ಗೆಲ್ಲುವವರು ಬೇಗ ಶುರುಮಾಡಿದವರು, ಒಂದೇ ಆಟವನ್ನು ಹೆಚ್ಚು ಅಭ್ಯಾಸ ಮಾಡಿದವರು, ನಿಜ. ಆದರೆ ದೊಡ್ಡವರಾದ ಮೇಲೆ ವಿಶ್ವಮಟ್ಟಕ್ಕೇರಿದವರು ತಡವಾಗಿ ಶುರುಮಾಡಿ, ಚಿಕ್ಕಂದಿನಲ್ಲಿ ಬೇರೆ ಬೇರೆ ಆಟ ಆಡಿ, ಆರಂಭದಲ್ಲಿ ನಿಧಾನವಾಗಿ ಬೆಳೆದವರು. ಗ್ಯುಲಿಶ್ ಇದಕ್ಕೂ ಮೊದಲು, 2014ರಲ್ಲಿ, ಜರ್ಮನಿಯ ಒಲಿಂಪಿಕ್ ಚಿನ್ನ ಗೆದ್ದ ಹಾಕಿ ಆಟಗಾರರನ್ನು ರಾಷ್ಟ್ರಮಟ್ಟದಲ್ಲೇ ಉಳಿದವರೊಂದಿಗೆ ಹೋಲಿಸಿದಾಗಲೂ ಇದೇ ಒಲವು ಕಂಡಿತ್ತು. ಹದಿನಾಲ್ಕರೊಳಗಿನ ಕಪ್ ತರಬಲ್ಲ ಹುಡುಗ ಒಬ್ಬ, ಇಪ್ಪತ್ತೈದಕ್ಕೆ ದೇಶಕ್ಕೆ ಆಡಬಲ್ಲ ಹುಡುಗ ಇನ್ನೊಬ್ಬ. ನಮ್ಮ ಆಯ್ಕೆ ಪದ್ಧತಿ ಮೊದಲನೆಯವನನ್ನು ಹಿಡಿದುಕೊಂಡು ಎರಡನೆಯವನನ್ನು ಮನೆಗೆ ಕಳಿಸುತ್ತದೆ.

ಜರ್ಮನಿಯವರೆಗೆ ಹೋಗುವ ಅಗತ್ಯವೂ ಇಲ್ಲ. 1972ರ ಮ್ಯೂನಿಕ್ ಕಂಚು ಗೆದ್ದ ತಂಡದಲ್ಲಿದ್ದು, 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕನಾಗಿ ಬೆಳ್ಳಿ ತಂದ ಎಂ.ಪಿ. ಗಣೇಶ್ ಕೊಡಗಿನಲ್ಲಿ ಹುಡುಗನಾಗಿದ್ದಾಗ ಆಡುತ್ತಿದ್ದದ್ದು ಫುಟ್‌ಬಾಲ್. ಹಾಕಿಯಲ್ಲಿ ಗಟ್ಟಿಯಾಗಿ ನಿಂತದ್ದು ಸೇನೆ ಸೇರಿದ ಮೇಲೆ. ಇವತ್ತಿನ ಯಾವ ಅಕಾಡೆಮಿಯಾದರೂ ಅವರನ್ನು ‘ತಡವಾಯಿತು’ ಎಂದು ವಾಪಸು ಕಳಿಸುತ್ತಿತ್ತು. ಅದೇ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ 1997ರಲ್ಲಿ 60 ಕುಟುಂಬಗಳೊಂದಿಗೆ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರ ಹೊತ್ತಿಗೆ 360 ತಂಡಗಳಿಗೆ ಬೆಳೆಯಿತು. ಅಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಮಣ್ಣಿನ ಮೈದಾನದಲ್ಲಿ ಆಡುತ್ತಾರೆ. ಮೊಮ್ಮಗನಿಗೆ ಅದರಿಂದ ಸೀಟು ಸಿಗುವುದಿಲ್ಲ. ಆದರೆ ಮೇಲೆ ಹೇಳಿದ ‘ತಾನಾಗಿ ಆಡುವ ಹೊತ್ತು’ ಸಿಗುತ್ತದೆ.

ಆಯ್ಕೆಯಲ್ಲಿ ಇನ್ನೊಂದು ಅನ್ಯಾಯವೂ ಇದೆ. ವಯೋಮಿತಿಯ ಗಡಿ ಜನವರಿ 1 ಆದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹದಿಮೂರರಲ್ಲಿ ಆ ಒಂದು ವರ್ಷ ಎತ್ತರದಲ್ಲಿ ಎದ್ದು ಕಾಣುತ್ತದೆ. ಕೆನಡಾದ ಐಸ್ ಹಾಕಿಯಲ್ಲಿ 1985ರಷ್ಟು ಹಿಂದೆಯೇ ಇದು ಗೊತ್ತಾಯಿತು: ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳವರೇ ತುಂಬಿದ್ದರು. ನಮ್ಮಲ್ಲಿ ಈ ಲಾಭವನ್ನು ಕಾಗದದ ಮೇಲೂ ಮಾಡಿಕೊಳ್ಳುತ್ತಾರೆ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ವಯೋವಂಚನೆ ವಿರುದ್ಧ ಸಂಹಿತೆ ತರಬೇಕಾಗಿ ಬಂತು. ಎರಡು ವರ್ಷ ಕದ್ದು ಆಡುವ ಹದಿನೈದರ ಹುಡುಗನ ಎದುರು ನಿಜಕ್ಕೂ ಹದಿಮೂರರ ಮಗು ಮೈಕೊಡಬೇಕು. ಗಾಯ ಯಾರಿಗೆ ಎಂದು ಹೇಳಬೇಕಾಗಿಲ್ಲ.

ಇತ್ತೀಚೆಗೆ ಯಲಹಂಕ, ಹೆಬ್ಬಾಳದ ಕಡೆಯ ಕೆಲವು ಮನೆಗಳಲ್ಲಿ ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್ ಮಾತೂ ಕೇಳಿಸುತ್ತದೆ. ಅಲ್ಲಿನ ಎನ್‌ಸಿಎಎ ಮಟ್ಟದಲ್ಲಿ ಫೀಲ್ಡ್ ಹಾಕಿ ಇರುವುದು ಹೆಣ್ಣುಮಕ್ಕಳಿಗೆ ಮಾತ್ರ. ಮಗನನ್ನು ಆ ಆಸೆಯಿಂದ ಸೇರಿಸಿದವರು ಇದನ್ನೊಮ್ಮೆ ತಿಳಿದುಕೊಂಡರೆ ಕನಿಷ್ಠ ಒಂದು ಬೆನ್ನು ಉಳಿದೀತು.

ಹಾಗಾದರೆ ಹಾಕಿ ಬೇಡವೇ ಎಂದರೆ, ಖಂಡಿತ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಅಷ್ಟೇನೂ ಕಠಿಣವಲ್ಲ: 15–16ರವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ, ವಾರಕ್ಕೆ ಒಂದೆರಡು ದಿನ ರಜೆ, ವರ್ಷಕ್ಕೆ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಿ, ಆ ಆಟದಿಂದ ಬಿಡುವು. ನಮ್ಮಲ್ಲಿ ಪರೀಕ್ಷೆಯ ಮಾರ್ಚ್ ಹೇಗೂ ಒಂದು ತಿಂಗಳು ಕೊಡುತ್ತದೆ. ಉಳಿದೆರಡನ್ನು ಬೇಸಿಗೆ ಶಿಬಿರಗಳು ನುಂಗದಿದ್ದರೆ ಸಾಕು. ಮೈ ಬಿಸಿ ಮಾಡಿಕೊಳ್ಳುವ ಸರಿಯಾದ ವ್ಯಾಯಾಮಗಳಿಂದ ಗಾಯ ತಗ್ಗುವ ಸೂಚನೆಗಳು ನೆದರ್ಲೆಂಡ್ಸ್‌ನ ಮಕ್ಕಳ ಹಾಕಿಯಲ್ಲಿ ಕಂಡಿವೆ, ಖಚಿತ ಎನ್ನಲು ಇನ್ನೂ ದೊಡ್ಡ ಅಧ್ಯಯನ ಬೇಕು. ಖರ್ಚಿಲ್ಲದ ಕಾರಣ ಕಾಯದೆಯೇ ಶುರುಮಾಡಬಹುದು.

ಮನೆಯಲ್ಲೇ ಆಗುವ ಕೆಲಸವೂ ಒಂದಿದೆ. ಮೂರು ತಿಂಗಳಿಗೊಮ್ಮೆ ಮಗುವನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ಗೆರೆಗಳ ನಡುವಿನ ಅಂತರ ಹಿಂದಿನದಕ್ಕಿಂತ ತಟ್ಟನೆ ಹೆಚ್ಚಿದರೆ ಬೆಳವಣಿಗೆಯ ಓಟ ಶುರುವಾಯಿತೆಂದು ಲೆಕ್ಕ. ಅಲ್ಲಿಂದ ಒಂದೂವರೆ ವರ್ಷ ಫ್ಲಿಕ್ ಬೇಡ, ಗಂಟೆಗಳು ವಯಸ್ಸನ್ನು ಮೀರುವುದು ಬೇಡ. ಕೋಚ್ ಸರ್‌ಗೆ ಆ ಗೆರೆಗಳ ಫೋಟೊ ಕಳಿಸಿ. ಸೊಂಟನೋವು ಎರಡು ವಾರ ಬಿಡದಿದ್ದರೆ, ಹಿಂದಕ್ಕೆ ಬಾಗಿದಾಗ ಚುಚ್ಚಿದರೆ, ಮೂಳೆ ವೈದ್ಯರಿಗೆ ‘ಮಗು ದಿನವೂ ಹಾಕಿ ಆಡುತ್ತದೆ’ ಎಂದು ಬಾಯಿಬಿಟ್ಟು ಹೇಳಿ, ಎಂಆರ್‌ಐ ಬೇಕೇ ಎಂದು ಕೇಳಿ.

ಮನೆಯವರ ಎಚ್ಚರದಿಂದ ಮಾತ್ರ ಇದು ಸರಿಹೋಗದು, ಏಕೆಂದರೆ ಓಟವನ್ನು ಶುರುಮಾಡಿದ್ದು ಮನೆಯಲ್ಲ. ಉತ್ತರ ಬೆಂಗಳೂರಿನ ಕಡೆ ಮಕ್ಕಳು ಸಂಜೆ ನಡೆದುಹೋಗಬಹುದಾದ ದೂರದಲ್ಲಿ ಒಂದು ಸಾರ್ವಜನಿಕ ಟರ್ಫ್ ಬಂದರೆ ನಾಲ್ಕು ಗಂಟೆಯ ಅಲಾರಂ ಎಷ್ಟೋ ಮನೆಗಳಲ್ಲಿ ನಿಲ್ಲುತ್ತದೆ. ಕ್ರೀಡಾ ಇಲಾಖೆ ಮತ್ತು ಹಾಕಿ ಸಂಸ್ಥೆ ಟ್ರಯಲ್ಸ್‌ನಲ್ಲಿ ಎತ್ತರ ತೂಕದ ಜೊತೆಗೆ ಹಿಂದಿನ ಆರು ತಿಂಗಳ ಗಾಯದ ವಿವರ ಕೇಳಬೇಕು, ಗಾಯ ಹೇಳಿಕೊಂಡವರನ್ನು ಹೊರಗಿಡದೆ ಮುಂದಿನ ಟ್ರಯಲ್ಸ್‌ಗೆ ಜಾಗ ಕಾಯ್ದಿಡಬೇಕು. ಸೋಲದೇವನಹಳ್ಳಿಯಿಂದ ಯಲಹಂಕದವರೆಗಿನ ಕಾಲೇಜುಗಳು ಕ್ರೀಡಾ ಸೀಟು ಕೊಡುವಾಗ 14ರೊಳಗಿನ ಪ್ರಮಾಣಪತ್ರಗಳಿಗೆ ಒಂದು ಅಂಕವನ್ನೂ ಕೊಡಬಾರದು. ಪಿಯುಸಿಯಲ್ಲಿ ಅಭ್ಯರ್ಥಿ ಹೇಗೆ ಆಡುತ್ತಾನೆ ಎಂಬುದನ್ನು ಮೈದಾನಕ್ಕೆ ಕರೆದು ನೋಡಿದರೆ ಆಯಿತು. ಈಗ ಏಳನೇ ತರಗತಿಯಲ್ಲಿರುವ ಮಕ್ಕಳು ಆ ಬಾಗಿಲಿಗೆ ಬರಲು ಇನ್ನೂ ಐದಾರು ವರ್ಷವಿದೆ. ನಿಯಮವನ್ನು ಈ ವರ್ಷವೇ ಸಾರಿದರೆ ಅವರ ಕೋಚ್‌ಗಳಿಗೆ ಅವಸರ ಮಾಡಲು ಕಾರಣವೇ ಇರುವುದಿಲ್ಲ.